ಮನೇಲೇ ಚಿಪ್ಪು ಅಣಬೆ ಬೆಳೆಯೋದು ಹೇಗೆ: ಹುಲ್ಲು ನೆನೆಸೋದ್ರಿಂದ ಸಾರು ಕುದಿಸೋವರೆಗೆ

ಮುಂಗಾರಲ್ಲಿ ಗುಡುಗು ಶುರುವಾದ್ರೆ ಸಾಕು, ಮೂಡಿಗೆರೆ, ಸಕಲೇಶಪುರ, ಕೊಪ್ಪ ಕಡೆ ಜನ ಹುತ್ತದ ಸುತ್ತ, ತೋಟದ ಬದು ಮೇಲೆ ಅಣಬೆ ಎದ್ದಿದೆಯಾ ಅಂತ ಹುಡುಕ್ತಾ ಹೊರಡ್ತಾರೆ. ಹುತ್ತದ ಅಣಬೆ ರುಚಿ ಅಂಗಡಿ ಅಣಬೆಗೆ ಬರಲ್ಲ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಅದು ವರ್ಷಕ್ಕೆ ಕೆಲವೇ ದಿನ, ಅದನ್ನ ಬೆಳೆಸೋಕೂ ಆಗಲ್ಲ, ಯಾಕಂದ್ರೆ ಅದು ಗೆದ್ದಲು ತನ್ನ ಗೂಡಿನೊಳಗೆ ಸಾಕ್ಕೊಂಡಿರೋ ಶಿಲೀಂಧ್ರ, ಗೆದ್ದಲು ಇಲ್ದೆ ಏಳಲ್ಲ. ವರ್ಷ ಪೂರ್ತಿ ಮನೇಲಿ ಅಣಬೆ ಸಾರು ಆಗ್ಬೇಕು ಅಂದ್ರೆ ಚಿಪ್ಪು ಅಣಬೆ, ಅಂದ್ರೆ ಆಯಿಸ್ಟರ್ ಮಶ್ರೂಮ್ ಬೆಳೀಬೇಕು. ಒಣ ಭತ್ತದ ಹುಲ್ಲು, ಒಂದು ಹಂಡೆ ಬಿಸಿನೀರು, ಖಾಲಿ ಇರೋ ಒಂದು ಸಣ್ಣ ಕೋಣೆ, ಇಷ್ಟಿದ್ರೆ ಕೆಲಸ ಆಗ್ತದೆ.

ಬಟನ್ ಅಣಬೆ ಯಾಕೆ ಬೇಡ ಅಂತ ಮೊದ್ಲೇ ಹೇಳ್ಬಿಡ್ತೀನಿ. ಸೂಪರ್ ಮಾರ್ಕೆಟಲ್ಲಿ ಡಬ್ಬಿಲಿ ಸಿಗೋ ಬಿಳಿ ಗುಂಡು ಅಣಬೆಗೆ 14ರಿಂದ 18 ಡಿಗ್ರಿ ಚಳಿ ಬೇಕು, ಕಾಂಪೋಸ್ಟ್ ತಯಾರಿಸೋಕೇ ವಾರಗಟ್ಟಲೆ ಹಿಡೀತದೆ, ಮೇಲೆ ಮಣ್ಣಿನ ಹೊದಿಕೆ ಹಾಕ್ಬೇಕು, ಎಸಿ ಇಲ್ದೆ ಅದು ಆಗೋ ಮಾತಲ್ಲ. ಚಿಪ್ಪು ಅಣಬೆ ಹಾಗಲ್ಲ, 20ರಿಂದ 30 ಡಿಗ್ರಿಯೊಳಗೆ ಆರಾಮಾಗಿ ಬರ್ತದೆ, ಗಾಳೀಲಿ ತೇವ ಶೇಕಡಾ 80ಕ್ಕಿಂತ ಮೇಲಿದ್ರೆ ಆಯ್ತು. ಹಾಸನ, ಚಿಕ್ಕಮಗಳೂರು ಎರಡೂ ಸಮುದ್ರಮಟ್ಟದಿಂದ ಸುಮಾರು 1000 ಮೀಟರ್ ಎತ್ತರದಲ್ಲಿರೋ ಊರುಗಳು, ಬೇರೆ ಕಡೆಯವರು ಕೂಲರ್ ಇಟ್ಟು ಮಾಡ್ಕೊಳ್ಳೋ ಹವೆ ನಮಗೆ ವರ್ಷದಲ್ಲಿ ಬಹುಪಾಲು ತಿಂಗಳು ಸುಮ್ನೆ ಸಿಗ್ತದೆ. ಇದನ್ನ ಬಳಸ್ಕೊಳ್ಳದೆ ಬಿಡೋದು ನನಗಂತೂ ಸರಿ ಕಾಣಲ್ಲ.

ಆದ್ರೆ ಜಿಲ್ಲೆ ಒಂದೇ ಆದ್ರೂ ಹವೆ ಒಂದೇ ಅಲ್ಲ. ಮಲೆನಾಡು ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳೀಲೇ ಬೇಕಾದಷ್ಟು ತೇವ, ಅಲ್ಲಿ ನೀರು ಸಿಂಪಡಿಸೋ ಕೆಲಸ ಕಮ್ಮಿ, ಆದ್ರೆ ಚಳಿಗೆ ಬೆಳವಣಿಗೆ ಸ್ವಲ್ಪ ನಿಧಾನ, ಬೂಷ್ಟು ಹಿಡಿಯೋ ಭಯ ಜಾಸ್ತಿ. ಅರಸೀಕೆರೆ, ಕಡೂರು, ಚನ್ನರಾಯಪಟ್ಟಣ ಬಯಲುಸೀಮೆ ಕಡೆಯವರಿಗೆ ಇದು ಉಲ್ಟಾ, ಗಾಳಿ ಒಣ, ದಿನಕ್ಕೆ ಮೂರ್ನಾಲ್ಕು ಸಲ ನೀರು ಹೊಡೀಬೇಕಾಗ್ತದೆ, ಮಾರ್ಚ್ ಕೊನೆಯಿಂದ ಮೇ ತನಕ ಚಿಪ್ಪು ಅಣಬೆ ಬಿಟ್ಟು ಹಾಲು ಅಣಬೆ ಹಾಕೋದು ಒಳ್ಳೇದು, ಅದು 30ರಿಂದ 35 ಡಿಗ್ರಿ ಬಿಸಿಯಲ್ಲೇ ಚೆನ್ನಾಗಿ ಬರ್ತದೆ. ಹಾಲು ಅಣಬೆಗೆ ಮೇಲೆ ಮಣ್ಣು ಹೊದಿಸ್ಬೇಕು, ಅದರ ವಿಧಾನ ಬೇರೆ, ಇಲ್ಲಿ ಅದಕ್ಕೆ ಕೈ ಹಾಕಲ್ಲ.

ಹುಲ್ಲು ಮತ್ತು ಬೀಜ

ಹುಲ್ಲು ಈ ವರ್ಷದ್ದೇ ಆಗಿರ್ಬೇಕು, ಬಣ್ಣ ಹೊಂಬಣ್ಣ ಇರ್ಬೇಕು, ಮಳೆಗೆ ನೆನೆದು ಕಪ್ಪಾಗಿದ್ರೆ, ಮುಗ್ಗಲು ವಾಸನೆ ಬಂದ್ರೆ ದನಕ್ಕೂ ಬೇಡ ಅಣಬೆಗೂ ಬೇಡ. ಮೆದೆಯ ಹೊರಗಿನ ಪದರ ಬಿಟ್ಟು ಒಳಗಿಂದ ಎಳ್ಕೊಳ್ಳಿ. ಮಷಿನ್ ಕಟಾವಿನ ಹುಲ್ಲೂ ನಡೀತದೆ, ಆದ್ರೆ ಅದರಲ್ಲಿ ಮಣ್ಣು, ಕಳೆ, ಉಳಿದ ಕಾಳು ಇರ್ತವೆ, ಒದರಿ ತೆಗೀಬೇಕು, ಕಾಳು ಉಳಿದ್ರೆ ಚೀಲದೊಳಗೆ ಮೊಳಕೆ ಬರ್ತದೆ, ಬೂಷ್ಟೂ ಅಲ್ಲಿಂದಲೇ ಶುರುವಾಗ್ತದೆ. ರಾಗಿ ಹುಲ್ಲಲ್ಲಿ, ಮುಸುಕಿನ ಜೋಳದ ಬೆಂಡಲ್ಲಿ, ಕಾಫಿ ಸಿಪ್ಪೇಲಿ ಕೂಡ ಚಿಪ್ಪು ಅಣಬೆ ಬರ್ತದೆ. ತೋಟ ಇರೋರು ಹಲ್ಲರ್, ಅಂದ್ರೆ ಕಾಫಿ ಸಿಪ್ಪೆ ಬಿಡಿಸೋ ಮಷಿನ್ ಮುಂದೆ ರಾಶಿ ಬಿದ್ದಿರೋ ಸಿಪ್ಪೆ ನೋಡಿ ಇದನ್ನೇ ಹಾಕೋಣ ಅಂತಾರೆ, ಹಾಕಬಹುದು, ಆದ್ರೆ ಅದು ಹುಲ್ಲಿನಷ್ಟು ಸಡಿಲ ಅಲ್ಲ, ಒತ್ತಿ ಕೂತು ಗಾಳಿ ಆಡಲ್ಲ. ಮೊದ್ಲು ಬರೀ ಭತ್ತದ ಹುಲ್ಲಲ್ಲಿ ಎರಡು ಮೂರು ಬ್ಯಾಚ್ ತೆಗೆದು ಕೈ ಕುದುರಿದ ಮೇಲೆ ಹುಲ್ಲಿನ ಜೊತೆ ಸ್ವಲ್ಪ ಸಿಪ್ಪೆ ಬೆರೆಸಿ ನೋಡಿ.

ಬೀಜ ಅಂತ ನಾವು ಕರೆಯೋದು ನಿಜವಾಗಿ ಬೀಜ ಅಲ್ಲ, ಬೇಯಿಸಿದ ಜೋಳದ ಕಾಳಿನ ಮೇಲೆ ಅಣಬೆಯ ಬಿಳಿ ಎಳೆಗಳನ್ನ ಬೆಳೆಸಿರ್ತಾರೆ, ಸ್ಪಾನ್ ಅಂತಾರೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ ಇದನ್ನ ಹುಲ್ಲಿಗೆ ಹಾಕೋದು, ಹೆಪ್ಪು ಕೆಟ್ಟಿದ್ರೆ ಮೊಸರು ಕೆಟ್ಟಂಗೆ ಇಲ್ಲೂ ಅಷ್ಟೇ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೇಲಿ ಅಣಬೆ ವಿಭಾಗ ಇದೆ, ಬೀಜ ಮಾರ್ತಾರೆ, ತರಬೇತಿನೂ ಕೊಡ್ತಾರೆ. ಅಷ್ಟು ದೂರ ಹೋಗೋಕಾಗದೆ ಇದ್ರೆ ಹಾಸನದವರು ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಚಿಕ್ಕಮಗಳೂರಿನವರು ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ, ಹತ್ರದಲ್ಲಿ ಬೀಜ ಎಲ್ಲಿ ಸಿಗ್ತದೆ, ತರಬೇತಿ ಯಾವಾಗ ಇದೆ ಅಂತ ಕೇಳಿ ತಿಳ್ಕೊಳ್ಳಿ. ಪ್ಯಾಕೆಟ್ ಕೈಗೆ ಬಂದಾಗ ಕಾಳು ಪೂರ್ತಿ ಬೆಳ್ಳಗೆ ಎಳೆ ಕಟ್ಟಿರ್ಬೇಕು, ಹಸಿರು, ಕಪ್ಪು ಚುಕ್ಕೆ ಇದ್ರೆ, ಹುಳಿ ವಾಸನೆ ಬಂದ್ರೆ ತಗೋಬೇಡಿ. ಬಿಸಿಲಲ್ಲಿ ನಿಲ್ಸಿದ ಗಾಡೀಲಿ ಬಿಟ್ಟು ಸಂತೆ ಸುತ್ತೋಕೆ ಹೋಗ್ಬೇಡಿ, ಎಳೆ ಬಿಸಿಗೆ ಸತ್ತೋಗ್ತದೆ. ತಳಿ ಕೇಳಿದ್ರೆ ಬಿಳಿ ಬಣ್ಣದ ಫ್ಲೋರಿಡಾ ಅಂತ ಕೇಳಿ, ನಮ್ಮ ತಂಪಿಗೆ ಅದು ಹೊಂದ್ತದೆ, ಬೇಸಿಗೆ ಹತ್ರ ಆದ್ರೆ ಬೂದು ಬಣ್ಣದ ಸಾಜರ್ ಕಾಜು ಸ್ವಲ್ಪ ಹೆಚ್ಚು ಬಿಸಿ ತಡ್ಕೊಳ್ತದೆ.

ನೆನೆಸೋದು, ಬೇಯಿಸೋದು, ಆರಿಸೋದು

ಹುಲ್ಲನ್ನ ಎರಡು ಇಂಚು, ಹೆಚ್ಚಂದ್ರೆ ಮೂರು ಇಂಚು ತುಂಡು ಮಾಡಿ, ಸಡಿಲವಾಗಿ ಗೋಣಿ ಚೀಲಕ್ಕೆ ತುಂಬಿ ಬಾಯಿ ಕಟ್ಟಿ ರಾತ್ರಿ ತಣ್ಣೀರಲ್ಲಿ ಮುಳುಗಿಸಿ, ಮೇಲೆ ಕಲ್ಲು ಹೇರಿ, ಇಲ್ದಿದ್ರೆ ತೇಲ್ತದೆ, ತೇಲಿದ ಭಾಗ ನೆನೆಯಲ್ಲ. ಎಂಟರಿಂದ ಹತ್ತು ಗಂಟೆ ಸಾಕು. ಬೆಳಿಗ್ಗೆ ಆ ನೀರು ಚೆಲ್ಲಿ ಚೀಲಾನ ಬಚ್ಚಲ ಹಂಡೆಗೋ ಡ್ರಮ್ಮಿಗೋ ಇಳಿಸಿ, ನೀರು 80 ಡಿಗ್ರಿ ಆಸುಪಾಸು, ಅಂದ್ರೆ ಕುದಿ ಬರೋಕೆ ಮುಂಚಿನ ಹಂತದಲ್ಲಿ, ಒಂದು ಗಂಟೆ ಇಡ್ಬೇಕು. ಒಲೆಗೆ ಸೌದೆ ಹಾಕೋರು ಥರ್ಮಾಮೀಟರ್ ಇಲ್ಲ ಅಂತ ತಲೆ ಕೆಡಿಸ್ಕೋಬೇಡಿ, ಸಣ್ಣಗೆ ಕುದಿಯೋಕೆ ಬಿಟ್ಟು ಮುಕ್ಕಾಲು ಗಂಟೆ ಮೇಲೆ ಇಟ್ರೂ ಆಗ್ತದೆ. ಯಾಕೆ ಬೇಯಿಸೋದು ಅಂದ್ರೆ ಹುಲ್ಲಲ್ಲಿ ಆಗ್ಲೇ ಬೇರೆ ಬೂಷ್ಟುಗಳ ಬೀಜಾಣು, ಹುಳದ ಮೊಟ್ಟೆ ಕೂತಿರ್ತವೆ, ಅವನ್ನ ಹಿಂದೆ ಹಾಕಿ ನಮ್ಮ ಅಣಬೆಗೆ ಮೊದಲು ಓಡೋಕೆ ಜಾಗ ಮಾಡಿಕೊಡೋದು. ಚಿಪ್ಪು ಅಣಬೆ ಎಳೆ ಬಲು ಜೋರಾಗಿ ಹಬ್ಬೋದ್ರಿಂದ ಕುಕ್ಕರ್ ಒತ್ತಡ ಎಲ್ಲ ಬೇಡ, ಇಷ್ಟೇ ಸಾಕು.

ಕೆಲವ್ರು ಸೌದೆ ಉಳಿಸೋಕೆ ಕಾರ್ಬೆಂಡಜಿಮ್ ಅನ್ನೋ ಶಿಲೀಂಧ್ರನಾಶಕ, ಫಾರ್ಮಾಲಿನ್ ಹಾಕಿದ ನೀರಲ್ಲಿ ಹುಲ್ಲು ನೆನೆಸ್ತಾರೆ, ಆ ಪದ್ಧತಿ ಇದೆ, ದೊಡ್ಡ ಮಟ್ಟದಲ್ಲಿ ಮಾಡೋರು ಬಳಸ್ತಾರೆ. ಮನೆ ಮಕ್ಕಳು ತಿನ್ನೋದಕ್ಕೆ ಬೆಳೆಯೋರಿಗೆ ಅದು ಬೇಡ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ, ಫಾರ್ಮಾಲಿನ್ ಹೊಗೆ ಕಣ್ಣು ಗಂಟಲು ಉರಿಸ್ತದೆ, ಬಿಸಿನೀರಲ್ಲೇ ಆಗೋ ಕೆಲಸಕ್ಕೆ ಔಷಧಿ ಯಾಕೆ.

ಬೆಂದ ಹುಲ್ಲನ್ನ ತೂಗುಹಾಕಿ ನೀರು ಬಸೀಬೇಕು, ಆಮೇಲೆ ತೊಳೆದು ಒರೆಸಿದ ಪ್ಲಾಸ್ಟಿಕ್ ಹಾಳೆ ಮೇಲೆ ನೆರಳಲ್ಲಿ ಹರವಿ ಆರೋಕೆ ಬಿಡ್ಬೇಕು. ಇಡೀ ಕೆಲಸದಲ್ಲಿ ಗೆಲ್ಲೋದು ಸೋಲೋದು ಇಲ್ಲೇ. ಒಂದು ಹಿಡಿ ಹುಲ್ಲು ತಗೊಂಡು ಗಟ್ಟಿಯಾಗಿ ಹಿಂಡಿ, ಅಂಗೈ ಒದ್ದೆ ಆಗ್ಬೇಕು ಆದ್ರೆ ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಬಾರದು, ಅದು ಸರಿಯಾದ ಹದ, ಶೇಕಡಾ 60ರಿಂದ 65 ತೇವ ಅಂತ ಲೆಕ್ಕ. ತೊಟ್ಟಿಕ್ತಾ ಇದ್ರೆ ಇನ್ನೂ ಒಂದರ್ಧ ಗಂಟೆ ಹರವಿ, ಅವಸರ ಮಾಡಿ ತುಂಬಿದ್ರೆ ನೀರು ಚೀಲದ ತಳಕ್ಕೆ ಇಳಿದು ಅಲ್ಲಿ ಗಾಳಿ ಇಲ್ದೆ ಹುಲ್ಲು ಕೊಳೀತದೆ, ಹುಳಿ ವಾಸನೆ, ಹಸಿರು ಬೂಷ್ಟು ಎಲ್ಲ ಅಲ್ಲಿಂದ ಹೊರಡೋದು. ಮಳೆಗಾಲದಲ್ಲಿ ಆರೋಕೇ ಬಹಳ ಹೊತ್ತು ಬೇಕು, ಸಂಜೆ ಬೇಯಿಸಿ ಬೆಳಿಗ್ಗೆ ತುಂಬೋಣ ಅಂತ ರಾತ್ರಿಯೆಲ್ಲ ತೆರೆದಿಡಬೇಡಿ, ಬೇಯಿಸಿದ್ದು ವ್ಯರ್ಥ ಆಗ್ತದೆ, ಬೆಳಿಗ್ಗೆ ಬೇಗ ಬೇಯಿಸಿ ಅವತ್ತೇ ತುಂಬಿ ಮುಗಿಸಿ.

ಚೀಲ ತುಂಬೋದು

12 ಇಂಚು ಅಗಲ 24 ಇಂಚು ಉದ್ದದ ತೆಳು ಪಾಲಿಥಿನ್ ಚೀಲ ತಗೊಳ್ಳಿ, ಒಂದು ಚೀಲಕ್ಕೆ ಸುಮಾರು ಒಂದು ಕೆಜಿ ಒಣ ಹುಲ್ಲು ಹಿಡೀತದೆ, ನೆನೆದ ಮೇಲೆ ಅದು ಮೂರು ಕೆಜಿ ಹತ್ರ ಬರ್ತದೆ. ಅದಕ್ಕೆ 100 ಗ್ರಾಂ ಬೀಜ. ಕೈ ಸೋಪಲ್ಲಿ ಮೊಣಕೈ ತನಕ ತೊಳೆದು, ಬಾಗಿಲು ಫ್ಯಾನ್ ಬಂದ್ ಮಾಡಿ ಕೂತ್ಕೊಳ್ಳಿ. ಬೀಜಾನ ಪ್ಯಾಕೆಟ್ ಒಳಗೇ ಹಿಸುಕಿ ಉದುರು ಮಾಡಿ ಐದು ಪಾಲು ಮಾಡ್ಕೊಳ್ಳಿ. ತಳಕ್ಕೆ ನಾಲ್ಕೈದು ಇಂಚು ಹುಲ್ಲು, ಅಂಗೈಲಿ ಒತ್ತಿ, ಅಂಚಿನ ಸುತ್ತ ಒಂದು ಪಾಲು ಬೀಜ ಉದುರಿಸಿ, ಮತ್ತೆ ಹುಲ್ಲು, ಮತ್ತೆ ಬೀಜ, ಮೇಲಿನ ಪದರಕ್ಕೆ ಬೀಜ ಸ್ವಲ್ಪ ಜಾಸ್ತಿ ಹಾಕಿ ತೆಳ್ಳಗೆ ಹುಲ್ಲು ಮುಚ್ಚಿ. ಒತ್ತಬೇಕು, ಆದ್ರೆ ಜಜ್ಜಬಾರದು, ಸಡಿಲ ಬಿಟ್ರೆ ಎಳೆ ಒಂದು ಹುಲ್ಲಿಂದ ಇನ್ನೊಂದಕ್ಕೆ ದಾಟೋದು ಕಷ್ಟ. ಬಾಯಿ ಕಟ್ಟಿ, ಸುತ್ತಲೂ ಪೆನ್ಸಿಲ್ ತೂರುವಷ್ಟು ಹತ್ತು ಹನ್ನೆರಡು ತೂತು ಮಾಡಿ, ತಳದಲ್ಲೂ ಎರಡು ತೂತು ನೀರು ಇಳಿಯೋಕೆ. ತುಂಬಿದ ತಾರೀಖು ಮಾರ್ಕರಲ್ಲಿ ಚೀಲದ ಮೇಲೇ ಬರೆದುಬಿಡಿ.

ಕತ್ತಲೆ ಇರೋ, ಬೆಚ್ಚಗಿರೋ ಕೋಣೇಲಿ 15ರಿಂದ 20 ದಿನ ಸುಮ್ನೆ ಇಡಿ. ಹಗ್ಗದಲ್ಲಿ ತೂಗುಹಾಕಿದ್ರೆ ಇಲಿ ಇರುವೆ ಕಾಟ ಕಮ್ಮಿ. ಈ ಹೊತ್ತಲ್ಲಿ ನೀರು ಬೇಡ, ಬೆಳಕು ಬೇಡ, ದಿನಾ ಎತ್ತಿ ಇಳಿಸಿ ನೋಡೋದಂತೂ ಬೇಡವೇ ಬೇಡ. ನಾಲ್ಕೈದು ದಿನಕ್ಕೆ ಕಾಳಿನ ಸುತ್ತ ಬಿಳಿ ಎಳೆ ಕಾಣ್ತದೆ, ಆಮೇಲೆ ಚೀಲ ಪೂರ್ತಿ ಬೆಳ್ಳಗಾಗಿ ಹುಲ್ಲೆಲ್ಲ ಒಂದೇ ಗಟ್ಟಿ ದಿಂಡಾಗ್ತದೆ. ಡಿಸೆಂಬರ್ ಜನವರೀಲಿ ಚಿಕ್ಕಮಗಳೂರು ಚಳಿಗೆ ಇನ್ನೂ ನಾಲ್ಕೈದು ದಿನ ಹೆಚ್ಚು ಹಿಡೀಬಹುದು, ಅಡುಗೆಮನೆ ಪಕ್ಕದ ಕೋಣೆ ಅಥವಾ ಅಟ್ಟ ಇದ್ರೆ ಅಲ್ಲಿಡಿ. ಒಂದು ಮೂಲೇಲಿ ಹಸಿರು ಚುಕ್ಕೆ ಕಂಡ್ರೆ ಆ ಚೀಲಾನ ಅಲ್ಲೇ ಬಿಚ್ಚಬೇಡಿ, ಹಸಿರು ಪುಡಿ ಹಾರಿ ಉಳಿದವಕ್ಕೂ ಅಂಟ್ತದೆ, ಹಾಗೇ ಎತ್ಕೊಂಡು ಹೋಗಿ ದೂರದ ಗೊಬ್ಬರ ಗುಂಡಿಗೆ ಹಾಕಿ.

ಅಣಬೆ ಏಳಿಸೋದು

ಚೀಲ ಪೂರ್ತಿ ಬಿಳಿ ಆದ್ಮೇಲೆ ಬ್ಲೇಡಲ್ಲಿ ಪಾಲಿಥಿನ್ ಸೀಳಿ ತೆಗೀಬಹುದು, ಬಯಲುಸೀಮೆಯವರು ಪೂರ್ತಿ ತೆಗೆಯೋ ಬದಲು ಅಲ್ಲಲ್ಲಿ ಎರಡು ಇಂಚು ಉದ್ದ ಸೀಳಿದ್ರೆ ತೇವ ಉಳೀತದೆ. ಈಗ ಬೇಕಾಗೋದು ಎಲ್ಲಾ ಉಲ್ಟಾ, ಬೆಳಕು ಬೇಕು, ಗಾಳಿ ಬೇಕು, ತೇವ ಬೇಕು. ಬೆಳಕು ಅಂದ್ರೆ ನೇರ ಬಿಸಿಲಲ್ಲ, ಕೋಣೇಲಿ ಕೂತು ಪೇಪರ್ ಓದೋಕಾಗುವಷ್ಟು. ಕಿಟಕಿಗೆ, ಗೋಡೆಗೆ ಗೋಣಿ ತಾಟು ಕಟ್ಟಿ ಒದ್ದೆ ಮಾಡಿ, ನೆಲಕ್ಕೆ ಮರಳು ಹಾಕಿ ನೀರು ಚಿಮುಕಿಸಿ, ದಿನಕ್ಕೆ ಎರಡು ಮೂರು ಸಲ ಸಣ್ಣ ಹನಿ ಬರೋ ಸ್ಪ್ರೇಯರಲ್ಲಿ ಮಂಜು ಹೊಡೀರಿ. ಅಣಬೆ ಮೇಲೆ ನೀರು ನಿಲ್ಲೋ ಹಾಗೆ ಸುರೀಬಾರದು, ನಿಂತ್ರೆ ಹಳದಿಯಾಗಿ ಲೋಳೆ ಕಟ್ತದೆ. ನಲ್ಲಿ ನೀರಲ್ಲಿ ಕ್ಲೋರಿನ್ ವಾಸನೆ ಜೋರಿದ್ರೆ ಒಂದು ರಾತ್ರಿ ತೆರೆದ ಬಕೆಟಲ್ಲಿ ಇಟ್ಟು ಬಳಸಿ.

ಅಣಬೆ ನಮ್ಮ ಹಾಗೇ ಆಮ್ಲಜನಕ ಎಳ್ಕೊಂಡು ಇಂಗಾಲದ ಡೈಆಕ್ಸೈಡ್ ಬಿಡ್ತದೆ, ಗಿಡದ ಲೆಕ್ಕ ಇಲ್ಲಿ ನಡೆಯಲ್ಲ. ಕೋಣೆ ಬಿಗಿ ಮುಚ್ಚಿದ್ರೆ ತೊಟ್ಟು ಉದ್ದಕ್ಕೆ ಹೋಗಿ ಮೇಲಿನ ಛತ್ರಿ ಪುಟ್ಟದಾಗಿ ಉಳೀತದೆ. ಹಂಗೆ ಕಂಡ್ರೆ ಬೆಳಿಗ್ಗೆ ಸಂಜೆ ಕಿಟಕಿ ತೆಗೆದು ಗಾಳಿ ಆಡಿಸಿ. ಛತ್ರಿ ಅಂಚು ಒಣಗಿ ಸೀಳ್ತಾ ಇದ್ರೆ ತೇವ ಕಮ್ಮಿ ಅಂತ ಅರ್ಥ. ಸಾಸಿವೆ ಕಾಳಿನಷ್ಟು ಮೊಗ್ಗು ಎದ್ದು ಕಪ್ಪಾಗಿ ಅಲ್ಲೇ ಒಣಗಿದ್ರೆ ಗಾಳಿ ನೇರವಾಗಿ ಬಡೀತಾ ಇದೆ, ಇಲ್ಲ ಒಂದು ದಿನ ನೀರು ತಪ್ಪಿದೆ. ಸಣ್ಣ ಕಪ್ಪು ನೊಣ ಬರದ ಹಾಗೆ ಕಿಟಕಿಗೆ ಸೊಳ್ಳೆ ಪರದೆ ಬಡೀಬೇಕು, ಔಷಧಿ ಹೊಡೆಯೋ ಯೋಚನೆ ಮಾತ್ರ ಬೇಡ, ಅಣಬೆ ಅದನ್ನ ಹೀರ್ಕೊಂಡು ನಿಮ್ಮ ತಟ್ಟೆಗೇ ತರ್ತದೆ.

ಮೂರರಿಂದ ಐದು ದಿನಕ್ಕೆ ಮೊಗ್ಗು, ಅಲ್ಲಿಂದ ಇನ್ನು ಮೂರ್ನಾಲ್ಕು ದಿನಕ್ಕೆ ಕೊಯ್ಲು. ಛತ್ರಿ ಅಂಚು ಇನ್ನೂ ಕೆಳಕ್ಕೆ ಬಾಗಿರುವಾಗಲೇ ಕೊಯ್ಬೇಕು, ಅಂಚು ಮೇಲಕ್ಕೆ ಮಡಚ್ಕೊಂಡ್ರೆ ರುಚಿ ಇಳೀತದೆ, ಬೀಜಾಣು ಉದುರೋಕೆ ಶುರುವಾಗ್ತದೆ, ಅದು ಉಸಿರಲ್ಲಿ ಹೋದ್ರೆ ಕೆಲವ್ರಿಗೆ ಕೆಮ್ಮು, ಅಲರ್ಜಿ ಆಗ್ತದೆ, ಉಬ್ಬಸ ಇರೋರು ಮಾಸ್ಕ್ ಹಾಕದೆ ಒಳಗೆ ಹೋಗಲೇಬೇಡಿ. ನೀರು ಹೊಡೆಯೋಕೆ ಮುಂಚೆ ಕೊಯ್ಯಿರಿ, ಗೊಂಚಲು ಬುಡ ಹಿಡಿದು ತಿರುಚಿ ಎಳೀರಿ, ಬುಡದ ತುಂಡು ಹುಲ್ಲಲ್ಲಿ ಉಳಿದ್ರೆ ಅಲ್ಲೇ ಕೊಳೀತದೆ. ಮತ್ತೆ ನೀರು ಕೊಡ್ತಾ ಬನ್ನಿ, ವಾರ ಹತ್ತು ದಿನಕ್ಕೆ ಎರಡನೇ ಬೆಳೆ, ಆಮೇಲೆ ಮೂರನೇದು. ಮೂರೂ ಸೇರಿ ಒಂದು ಕೆಜಿ ಒಣ ಹುಲ್ಲಿಗೆ ಅರ್ಧದಿಂದ ಒಂದು ಕೆಜಿ ಹಸಿ ಅಣಬೆ ಬಂದ್ರೆ ಚೆನ್ನಾಗಿ ಬಂತು ಅಂತ ಲೆಕ್ಕ, ಮೊದಲ ಕೊಯ್ಲಲ್ಲೇ ಹೆಚ್ಚು. ಇದಕ್ಕಿಂತ ಎಷ್ಟೋ ಪಟ್ಟು ಬರ್ತದೆ ಅಂತ ಹೇಳಿ ದುಡ್ಡು ಹಾಕ್ಸೋರ ಮಾತು ಕೇಳೋಕೆ ಮುಂಚೆ ಮನೇಲಿ ನಾಲ್ಕು ಚೀಲ ಬೆಳೆದು ನೀವೇ ತೂಕ ಹಾಕಿ ನೋಡಿ. ಹಸಿ ಅಣಬೆ ಎರಡು ಮೂರು ದಿನದ ಮೇಲೆ ನಿಲ್ಲಲ್ಲ, ಕೊಳ್ಳೋರು ಗೊತ್ತಾಗೋಕೆ ಮುಂಚೆ ನೂರು ಚೀಲ ಹಾಕೋದು ಸರಿಯಲ್ಲ.

ಅಡುಗೆ

ಅಣಬೇಲಿ ನೂರಕ್ಕೆ ತೊಂಬತ್ತು ಪಾಲು ನೀರೇ. ಬಾಣಲೆಗೆ ಹಾಕಿದ ತಕ್ಷಣ ಆ ನೀರು ಬಿಡ್ತದೆ, ಅದಕ್ಕೇ ಪಲ್ಯಕ್ಕೆ ಬೇರೆ ನೀರು ಹಾಕಬಾರದು, ಉಪ್ಪು ಕೊನೇಲಿ. ಉರಿ ಜೋರಿಟ್ಟು ಬಿಟ್ಟ ನೀರೆಲ್ಲ ಹಿಂಗಿ ಅಂಚು ಕೆಂಪಾಗೋ ತನಕ ಹುರಿದ್ರೆ ರುಚಿ ಬೇರೆ ಮಟ್ಟಕ್ಕೆ ಹೋಗ್ತದೆ. ನೆನೆಹಾಕಿ ತೊಳೀಬೇಡಿ, ನಲ್ಲಿ ಕೆಳಗೆ ಹಿಡಿದು ಬೇಗ ತೊಳೆದು ಬಟ್ಟೇಲಿ ಒತ್ತಿ. ಚಾಕು ಬೇಡ, ನಾರು ಹೋದ ಕಡೆ ಕೈಯಲ್ಲೇ ಸೀಳಿ. ಸಾರಿಗೆ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ ಜೊತೆ ಅಣಬೆ ಮೊದ್ಲು ಹುರ್ಕೊಳ್ಳಿ, ಆಮೇಲೆ ಕೊತ್ತಂಬರಿ ಬೀಜ, ಮೆಣಸು, ಚಕ್ಕೆ ಲವಂಗ, ಗಸಗಸೆ, ತೆಂಗಿನಕಾಯಿ ರುಬ್ಬಿದ ಮಸಾಲೆ ಹಾಕಿ ಕುದಿಸಿ. ಹಾಸನ ಕಡೆ ಇದಕ್ಕೆ ರಾಗಿ ಮುದ್ದೆ, ಮಲೆನಾಡಲ್ಲಿ ಕಡುಬು, ಅಕ್ಕಿ ರೊಟ್ಟಿ. ನನ್ನ ಕೇಳಿದ್ರೆ ಮಳೆ ಹೊಡೀತಾ ಇರೋವಾಗ ಬಿಸಿ ಕಡುಬೇ ಸರಿ.

ಹಸಿಯಾಗಿ ಸಲಾಡಲ್ಲಿ ತಿನ್ನಬೇಡಿ. ಅಣಬೆ ಕೋಶದ ಗೋಡೇಲಿ ಕೈಟಿನ್ ಇರ್ತದೆ, ಏಡಿ ಸೀಗಡಿ ಚಿಪ್ಪಲ್ಲಿರೋ ಅದೇ ವಸ್ತು, ಚೆನ್ನಾಗಿ ಬೇಯದೆ ಜೀರ್ಣ ಆಗಲ್ಲ, ಹೊಟ್ಟೆ ಉಬ್ಬರಿಸ್ತದೆ.

ಆರೋಗ್ಯದ ವಿಷಯ

ಮಾಂಸದಷ್ಟೇ ಪ್ರೋಟೀನ್ ಅಂತ ವಾಟ್ಸಾಪಲ್ಲಿ ಓಡಾಡ್ತದೆ, ಅದು ಒಣ ತೂಕದ ಲೆಕ್ಕ. ಹಸಿ ಅಣಬೆ 100 ಗ್ರಾಂನಲ್ಲಿ ಪ್ರೋಟೀನ್ ಮೂರು ಗ್ರಾಂ ಆಸುಪಾಸು, ಹಾಗಾಗಿ ಅಣಬೆ ಬಂತು ಅಂತ ಬೇಳೆಕಾಳು ಬಿಡಬೇಡಿ. ಆದ್ರೆ ತರಕಾರಿ ಅಂತ ಲೆಕ್ಕ ಹಾಕಿದ್ರೆ ಇದು ಬಹಳ ಒಳ್ಳೇ ತರಕಾರಿ, ಕೊಬ್ಬು ಸಕ್ಕರೆ ಎರಡೂ ಕಮ್ಮಿ, ನಾರು ಇದೆ, ಪೊಟ್ಯಾಸಿಯಮ್ ಇದೆ, ಬಿ ಗುಂಪಿನ ವಿಟಮಿನ್‌ಗಳು ಇವೆ. ಶುಗರ್ ಇರೋರು, ತೂಕ ಇಳಿಸೋರು ನೆಮ್ಮದಿಯಾಗಿ ತಿನ್ನಬಹುದು. ಚಿಪ್ಪು ಅಣಬೇಲಿ ಲೊವಾಸ್ಟಾಟಿನ್ ಅನ್ನೋ ಕೊಲೆಸ್ಟ್ರಾಲ್ ಇಳಿಸೋ ವಸ್ತು ಸ್ವಲ್ಪ ಇರೋದು ನಿಜ, ಆದ್ರೆ ಅದನ್ನ ನಂಬಿ ಡಾಕ್ಟರ್ ಬರೆದ ಮಾತ್ರೆ ನಿಲ್ಸೋದು ಅಪಾಯ.

ಒಂದು ವಿಷಯ ಮಾತ್ರ ಎಲ್ರೂ ಮಾಡಿ ನೋಡಿ. ಅಣಬೇಲಿ ಎರ್ಗೊಸ್ಟೆರಾಲ್ ಅಂತ ಇರ್ತದೆ, ಬಿಸಿಲಿನ ನೇರಳಾತೀತ ಕಿರಣ ಬಿದ್ರೆ ಅದು ವಿಟಮಿನ್ ಡಿ2 ಆಗ್ತದೆ. ಅಡುಗೆಗೆ ಮುಂಚೆ ಸೀಳಿ, ಗೆರೆ ಗೆರೆ ಇರೋ ಕೆಳಭಾಗ ಮೇಲೆ ಬರೋ ಹಾಗೆ ಮಧ್ಯಾಹ್ನದ ಬಿಸಿಲಲ್ಲಿ ಅರ್ಧದಿಂದ ಒಂದು ಗಂಟೆ ಇಡಿ, ಗಾಜಿನ ಕಿಟಕಿ ಹಿಂದೆ ಇಟ್ರೆ ಪ್ರಯೋಜನ ಇಲ್ಲ. ಯೂರಿಕ್ ಆಸಿಡ್ ಜಾಸ್ತಿ ಇರೋರು ಮಿತವಾಗಿ ತಿನ್ನಿ, ಕಿಡ್ನಿ ತೊಂದರೆ ಇದ್ದು ಪೊಟ್ಯಾಸಿಯಮ್ ಪಥ್ಯದಲ್ಲಿರೋರು ಡಾಕ್ಟರನ್ನ ಕೇಳಿ. ಮೊದಲ ಸಲ ತಿನ್ನೋರು ಸ್ವಲ್ಪ ತಿಂದು ಒಂದು ದಿನ ನೋಡಿ, ಕೆಲವ್ರಿಗೆ ಒಗ್ಗಲ್ಲ.

ಕಾಡಣಬೆ ಬಗ್ಗೆ ಇಷ್ಟು ಹೇಳ್ದೆ ಮುಂದೆ ಹೋಗೋಕಾಗಲ್ಲ. ಬೆಳ್ಳಿ ಚಮಚ ಕಪ್ಪಾದ್ರೆ ವಿಷ, ಅರಿಶಿನ ಹಾಕಿದ್ರೆ ಗೊತ್ತಾಗ್ತದೆ, ಹುಳ ತಿಂದಿದ್ರೆ ನಾವೂ ತಿನ್ನಬಹುದು ಅಂತ ಹೇಳೋ ಈ ಪರೀಕ್ಷೆಗಳು ಒಂದೂ ನಂಬೋ ಹಾಗಿಲ್ಲ. ಅಮಾನಿಟಾ ಜಾತಿಯ ಕೆಲವು ಅಣಬೆಗಳ ವಿಷ ಎಷ್ಟು ಕುದಿಸಿದ್ರೂ ಹೋಗಲ್ಲ, ತಿಂದು ಆರರಿಂದ ಹನ್ನೆರಡು ಗಂಟೆ ಆದ್ಮೇಲೆ ವಾಂತಿ ಭೇದಿ ಶುರುವಾಗ್ತದೆ, ಆಮೇಲೆ ಒಂದು ದಿನ ಹುಷಾರಾದ ಹಾಗೆ ಕಾಣ್ತದೆ, ಅಷ್ಟರಲ್ಲಿ ಲಿವರ್ ಹಾಳಾಗ್ತಾ ಇರ್ತದೆ. ತಲೆತಲಾಂತರದಿಂದ ಗುರುತು ಹಿಡಿಯೋ ಹಿರಿಯರು ಮನೇಲಿದ್ದು ಅವರೇ ಕೈಯ್ಯಾರೆ ನೋಡಿ ಹೌದು ಅಂದ್ರೆ ಮಾತ್ರ ತಿನ್ನಿ, ಮೊಬೈಲಲ್ಲಿ ಫೋಟೋ ತೆಗೆದು ಆ್ಯಪ್ ಹೇಳ್ತು ಅಂತ ತಿನ್ನಬೇಡಿ. ಅನುಮಾನ ಬಂದ್ರೆ ಕಾಯದೆ ಆಸ್ಪತ್ರೆಗೆ ಓಡಿ, ಉಳಿದ ಅಣಬೆ ತುಂಡು ಜೊತೇಲಿ ತಗೊಂಡು ಹೋಗಿ. ನಿಮ್ಮ ಚೀಲದಲ್ಲೇ ಕಪ್ಪು ಮಸಿಯಾಗಿ ಕರಗೋ ತೆಳು ಅಣಬೆ ಎದ್ರೆ ಅದೂ ಹೊರಗಿನದು, ಹುಲ್ಲು ಸರಿಯಾಗಿ ಬೆಂದಿಲ್ಲ ಅಂತ, ಕಿತ್ತು ಬಿಸಾಕಿ.

ಉಳಿದಿದ್ದು

ಒಂದೇ ಸಲ ಜಾಸ್ತಿ ಬಂದ್ರೆ ಪೇಪರ್ ಕವರಲ್ಲಿ ಹಾಕಿ ಫ್ರಿಜ್ಜಲ್ಲಿಡಿ, ಪ್ಲಾಸ್ಟಿಕಲ್ಲಿ ಬಿಗಿಯಾಗಿ ಕಟ್ಟಿದ್ರೆ ಬೆವತು ಲೋಳೆ ಆಗ್ತದೆ. ಇನ್ನೂ ಜಾಸ್ತಿ ಇದ್ರೆ ಸೀಳಿ ಒಣಗಿಸಿ, ಮುರಿದ್ರೆ ಟಕ್ಕಂತ ಮುರೀಬೇಕು, ಬಗ್ಗಿದ್ರೆ ಇನ್ನೂ ತೇವ ಇದೆ. ಹತ್ತು ಕೆಜಿ ಹಸಿ ಒಣಗಿದ್ರೆ ಒಂದು ಕೆಜಿ ಆಸುಪಾಸು ಆಗ್ತದೆ. ಗಾಳಿ ಆಡದ ಡಬ್ಬೀಲಿ ಇಟ್ಟು ಬೇಕಾದಾಗ ಬಿಸಿನೀರಲ್ಲಿ ನೆನೆಸಿ, ಆ ನೀರನ್ನೂ ಸಾರಿಗೇ ಹಾಕಿ. ಪುಡಿ ಮಾಡಿ ರೊಟ್ಟಿ ಹಿಟ್ಟಿಗೆ ಬೆರೆಸಿದ್ರೆ ಅಣಬೆ ಮುಟ್ಟದ ಮಕ್ಕಳೂ ತಿಂತಾರೆ.

ಮೂರು ಬೆಳೆ ಮುಗಿದ ಹುಲ್ಲು ಹಗುರ ಆಗಿ ಮೆತ್ತಗಾಗಿರ್ತದೆ. ಪಾಲಿಥಿನ್ ಪೂರ್ತಿ ಬಿಡಿಸಿ ತೆಗೆದು, ಸಗಣಿ ಜೊತೆ ಗೊಬ್ಬರ ಗುಂಡಿಗೆ ಸೇರಿಸಿದ್ರೆ ಬೇಗ ಕಳೀತದೆ, ಎರೆಹುಳು ತೊಟ್ಟಿಗೂ ಹಾಕ್ಬಹುದು, ಕಳಿತ ಮೇಲೆ ಮೆಣಸಿನ ಬಳ್ಳಿ ಬುಡಕ್ಕೆ ಕೊಡಿ. ಅಣಬೆ ಕೋಣೆ ಪಕ್ಕದಲ್ಲಿ ಮಾತ್ರ ರಾಶಿ ಹಾಕಬೇಡಿ, ಹೊಸ ಚೀಲಕ್ಕೆ ನೊಣ, ಬೂಷ್ಟು ಎರಡೂ ಅಲ್ಲಿಂದಲೇ ಬರೋದು, ಕೋಣೆ ನೆಲ ಗೋಡೆ ಸುಣ್ಣದ ನೀರಲ್ಲಿ ತೊಳೆದು ಎರಡು ದಿನ ಒಣಗೋಕೆ ಬಿಟ್ಟು ಆಮೇಲೆ ಮುಂದಿನ ಬ್ಯಾಚ್ ತೂಗುಹಾಕಿ.